ಸಮಾನ ಕ್ರೀಡಾ ವೇದಿಕೆಯ ಏಕೈಕ ಸದಸ್ಯ

ಅಕ್ಟೋಬರ್ 5, ಕಡಬ

ಇವತ್ತು ಮತ್ತೆ ಶಾಲು ಹೊದೆಸಿಕೊಂಡು ಬಂದೆ. ಹೇಸಿಗೆ.

ವಿಶ್ವವಿದ್ಯಾನಿಲಯದ ವಾಲಿಬಾಲ್ ತಂಡಕ್ಕೆ ಪುತ್ತೂರಿನ ನಮ್ಮ ಕಾಲೇಜಿನಿಂದ ಸಾಬಿತ್ ಮತ್ತು ನಾನು ಆಯ್ಕೆಯಾಗಿದ್ದೇವೆ. ಅದಕ್ಕೆ ಸನ್ಮಾನ. ಐದು ಮಂದಿ ಭಾಷಣ ಮಾಡಿದರು. ಅವರಲ್ಲಿ ಒಬ್ಬರೂ ಈ ವರ್ಷ ನಮ್ಮ ಗ್ರೌಂಡಿಗೆ ಕಾಲಿಟ್ಟವರಲ್ಲ. ಹರಿದ ನೆಟ್ಟನ್ನು ನಾವೇ ನೈಲಾನ್ ದಾರದಲ್ಲಿ ಹೊಲಿದುಕೊಂಡು ಆಡುತ್ತಿದ್ದೇವೆ. ಮುಖ್ಯ ಅತಿಥಿ ಮೈಕಿನ ಎದುರೇ ಸಾಬಿತನನ್ನು ಕೇಳಿದರು:

"ಲಿಫ್ಟರ್ ಅಂತ ಬರ್ದಿದ್ದಾರಲ್ಲ, ವೇಯ್ಟ್ ಲಿಫ್ಟಿಂಗಾ?"

"ಅಲ್ಲ ಸರ್. ಹೊಡೆಯುವವನಿಗೆ ಬಾಲ್ ಎತ್ತಿ ಕೊಡುದು. ಪಾಯಿಂಟ್ ಬಂದ್ರೆ ಹೆಸರು ಅವನಿಗೆ, ಹೋದ್ರೆ ಬೈಗುಳ ನಮಗೆ."

ಸಭೆ ನಕ್ಕಿತು. ಸಾಬಿತ್ ಹೀಗೇ. ಅವನಿಗೆ ಯಾವುದರ ಬಗ್ಗೆಯೂ ವಾಕರಿಕೆ ಬರುವುದಿಲ್ಲ. ಶಾಲನ್ನು ಉಪ್ಪಿನಂಗಡಿಗೆ ಒಯ್ದು, ಅವನ ಅಣ್ಣ ಅಬ್ದುಲ್ಲನ ಹಣ್ಣಿನ ಅಂಗಡಿಯಲ್ಲಿ ಬಾಳೆಗೊನೆಗೆ ಬಿಸಿಲು ತಾಗದಂತೆ ಕಟ್ಟುತ್ತಾನಂತೆ.

ನಾನು ಶಾಲು ಹಿಂತಿರುಗಿಸಲು ಎದ್ದಿದ್ದೆ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕ ಗೌರೀಶಂಕರ ಸರ್ ಮೊಣಕೈ ಹಿಡಿದು ಕೂರಿಸಿದರು. "ಕೂತ್ಕೊ ಮಾರಾಯ. ಶಾಲು ಕಚ್ಚುದಿಲ್ಲ."

ಕಚ್ಚುತ್ತದೆ. ಪುತ್ತೂರು ಬಸ್ ನಿಲ್ದಾಣದಲ್ಲಿ ಸಿಕ್ಕಿದ ಹದಿನಾರು ಪುಟದ ಕರಪತ್ರವೊಂದರಲ್ಲಿ ಓದಿದ್ದೆ: 'ಹಕ್ಕು ಕೇಳುವವನ ಬಾಯಿಗೆ ಹಾರ ಹಾಕಿದರೆ ಕೈಗೆ ಕೋಳ ಹಾಕುವ ಖರ್ಚು ಉಳಿಯುತ್ತದೆ.' ಅಡಿಗೆರೆ ಎಳೆದು ಇಟ್ಟಿದ್ದೇನೆ. ಕಡಬದ ತಾಲೂಕು ಕಚೇರಿಯ ಎದುರು ಅಮ್ಮನದ್ದು ಝೆರಾಕ್ಸ್ ಅಂಗಡಿ. ಆ ಕರಪತ್ರದ ಹತ್ತು ಪ್ರತಿ ತೆಗೆದುಕೊಡು ಎಂದೆ. "ಮೊದಲು ಆ ಶಾಲು ತೆಗಿ, ಮಷೀನಿಗೆ ಸಿಕ್ತದೆ" ಎಂದರು.

ನವೆಂಬರ್ 24

ಕೊಯಮತ್ತೂರಿನಲ್ಲಿ ಅಂತರ್ ವಿಶ್ವವಿದ್ಯಾನಿಲಯ ಪಂದ್ಯಾಟ ಮುಗಿಸಿ ಬಂದೆವು. ನಮಗೆ ಎರಡನೆಯ ಸ್ಥಾನ. ತಂಡದಲ್ಲಿ ಲಿಫ್ಟರ್‌ಗಳು ಇಬ್ಬರೇ. ಒಬ್ಬ ಆಡುವವನು, ಇನ್ನೊಬ್ಬ ಬೆಂಚಿನಲ್ಲಿ ಕೂತು ನೀರಿನ ಬಾಟಲಿ ಕಾಯುವವನು. ಏಳು ಪಂದ್ಯ ಕಾದೆ.

ಮಲಗಲು ಒಂದು ಶಾಲೆಯ ಬೆಂಚುಗಳು. ಹನ್ನೆರಡು ಜನರಿಗೆ ಒಂದು ಬಚ್ಚಲು, ಅದಕ್ಕೆ ಚಿಲಕವಿಲ್ಲ. ತಂಡದ ಜೊತೆ ಬಂದ ಅಧಿಕಾರಿಗಳಿಗೆ ಹೋಟೆಲು. ಅವರಲ್ಲಿ ಒಬ್ಬರು ಅತ್ತೆಯನ್ನೂ ಕರೆತಂದಿದ್ದರು. ಆ ಅತ್ತೆಗೆ ನಮ್ಮ ತಂಡದ ಟ್ರ್ಯಾಕ್ ಸೂಟ್! ನಾನು ಪ್ರಶ್ನಿಸಬೇಕೆಂದು ಹೊರಟೆ. ಸಾಬಿತ್ ಹೇಳಿದ, "ಬಿಡು ಗಿರಿ, ಅವರು ಹಿಂದಿನ ಸಾಲಲ್ಲಿ ಲಿಬೆರೊ ಆಡ್ತಾರೇನೋ." ಎಲ್ಲರೂ ನಕ್ಕರು. ನಗುವೇ ಈ ಜಿಲ್ಲೆಯ ರೋಗ.

ಸತ್ಯವನ್ನು ಬರೆಯಬೇಕು. ಸಾಬಿತನ ಬೆರಳಿನಿಂದ ಹೊರಟ ಚೆಂಡು ತಿರುಗುವುದಿಲ್ಲ. ಮೇಲೆ ಹೋಗಿ, ಹೊಡೆಯುವವನು ಬರಲಿ ಎಂದು ಒಂದು ಕ್ಷಣ ನಿಲ್ಲುತ್ತದೆ. ನನ್ನದು ನಿಲ್ಲುವುದಿಲ್ಲ. ಆದರೆ ಇದು ಪ್ರತಿಭೆಯ ಪ್ರಶ್ನೆಯಲ್ಲ, ಅವಕಾಶದ ಪ್ರಶ್ನೆ. ಬೆಂಚಿನ ಮೇಲೆ ಕೂತವನ ಚೆಂಡು ಎಲ್ಲಿ ನಿಲ್ಲಬೇಕು?

ಡಿಸೆಂಬರ್ 10

ಏಪ್ರಿಲಿನಲ್ಲಿ ಕಠ್ಮಂಡುವಿನಲ್ಲಿ ನೆರೆದೇಶಗಳ ವಿಶ್ವವಿದ್ಯಾನಿಲಯಗಳ ಪಂದ್ಯಾಟ. ಭಾರತದ ತಂಡದ ಪಟ್ಟಿ ಬಂದಿದೆ. ಇಬ್ಬರು ಲಿಫ್ಟರ್‌ಗಳು: ಒಬ್ಬ ಕೇರಳದವನು, ಇನ್ನೊಬ್ಬ ಸಾಬಿತ್. ಮೀಸಲು ಆಟಗಾರರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ನನಗೆ ಬೇಸರವಿಲ್ಲ. ಒಂದಿಷ್ಟೂ ಇಲ್ಲ.

ಪಟ್ಟಿಯ ಜೊತೆ ಎರಡು ಪುಟ ನಿಯಮಗಳಿದ್ದವು. ಇಡೀ ಜಿಲ್ಲೆಯಲ್ಲಿ ಅದನ್ನು ಪೂರ್ತಿ ಓದಿದವನು ನಾನೊಬ್ಬನೇ ಇರಬೇಕು. ನಿಯಮ ಏಳು: ಪಟ್ಟಿಯಲ್ಲಿರುವ ಆಟಗಾರರು ವಾಲಿಬಾಲ್ ಅಸೋಸಿಯೇಷನ್ನಿನ ಮಾನ್ಯತೆಯಿಲ್ಲದ ಯಾವ ಪಂದ್ಯಾಟದಲ್ಲೂ ಆಡಕೂಡದು. ಇಲ್ಲಿ ಆದಿತ್ಯವಾರಕ್ಕೆ ಮೂರು ಪಂದ್ಯಾಟ ನಡೆಯುತ್ತವೆ. ಯಾವುದಕ್ಕೂ ಮಾನ್ಯತೆಯಿಲ್ಲ, ಎಲ್ಲರೂ ಆಡುತ್ತಾರೆ. ಬರೆಯುವುದಕ್ಕೊಂದು ನಿಯಮ, ಬದುಕುವುದಕ್ಕೊಂದು.

ಡಿಸೆಂಬರ್ 15, ಸುಳ್ಯ

ಮಹೇಶ್ವರ ಮಾವ ಫೋನ್ ಮಾಡಿ ಕರೆಸಿಕೊಂಡರು. ಅವರು ಅಧ್ಯಕ್ಷರಾಗಿರುವ ಪಂದ್ಯಾಟ. ಫ್ಲೆಕ್ಸಿನಲ್ಲಿ ದಪ್ಪ ಅಕ್ಷರ: 'ಸಮಾಜ ಬಾಂಧವರಿಗೆ ಮಾತ್ರ.' ನೋಂದಣಿ ಮೇಜಿನಲ್ಲಿ ಆಧಾರ್ ಕಾರ್ಡ್ ನೋಡುತ್ತಾರೆ. ಅದರಲ್ಲಿ ಜಾತಿ ಇಲ್ಲವಲ್ಲ, ಹಾಗಾಗಿ ಮನೆತನದ ಹೆಸರು, ಅಜ್ಜನ ಹೆಸರು, ಅಜ್ಜಿಯ ತವರು ಎಲ್ಲ ವಿಚಾರಿಸುತ್ತಾರೆ. ಮದುವೆಗೆ ಗಂಡು ನೋಡುವ ಹಾಗೆ ಆಟಗಾರನನ್ನು ನೋಡುವುದು. ಚೆಂಡಿಗೆ ಗೋತ್ರ ಯಾವುದು?

ಮಾವನ ತಂಡಕ್ಕೆ ಲಿಫ್ಟರ್ ಬೇಕಿತ್ತು. ಆಡುವುದಿಲ್ಲ ಎಂದೆ. ಯಾಕೆ ಎಂದು ಹತ್ತು ನಿಮಿಷ ವಿವರಿಸಿದೆ.

"ಆಯ್ತು, ಆಡ್ಬೇಡ. ಊಟ ಮಾಡಿ ಹೋಗು. ಸಾರಿಗೆ ತತ್ವ ಹಾಕಿಲ್ಲ" ಎಂದರು ಮಾವ.

ಊಟ ಮಾಡಿದೆ. ಕಡಬದಿಂದ ಬೆಳಿಗ್ಗೆ ಆರಕ್ಕೆ ಹೊರಟಿದ್ದೆ. ಹೊರಡುವ ಮೊದಲು ಫ್ಲೆಕ್ಸಿನ ಫೋಟೊ ತೆಗೆದೆ. ಸಾಕ್ಷ್ಯ ಬೇಕಾಗುತ್ತದೆ.

ಡಿಸೆಂಬರ್ 22, ಉಪ್ಪಿನಂಗಡಿ

ಇಲ್ಲಿಯೂ ಅದೇ. 'ಮುಸ್ಲಿಂ ಬಾಂಧವರಿಗೆ ಮಾತ್ರ.' ಫ್ಲೆಕ್ಸಿನಲ್ಲಿ ಆಳೆತ್ತರದ ಸಾಬಿತ್, ಕೆಳಗೆ 'ಕಠ್ಮಂಡುವಿಗೆ ಹೊರಟ ನಮ್ಮ ಹೆಮ್ಮೆ.' ಅಂಕಣದಲ್ಲೂ ಅವನೇ, ಅಣ್ಣ ಅಬ್ದುಲ್ಲನ ತಂಡಕ್ಕೆ ಲಿಫ್ಟ್ ಕೊಡುತ್ತಿದ್ದಾನೆ.

ಅಬ್ದುಲ್ಲನಿಗೆ ನಲವತ್ತು ದಾಟಿದೆ, ಹೊಟ್ಟೆ ಬಂದಿದೆ, ಆದರೂ ಮುಂದಿನ ಸಾಲಿನಲ್ಲಿ ಹಾರುತ್ತಾರೆ. ಗೂಡ್ಸ್ ಆಟೋದ ಹೈದರ್ ಆ ತಂಡದ ಒಳ್ಳೆಯ ಅಟ್ಯಾಕರ್; ಅಬ್ದುಲ್ಲನ ಅಂಗಡಿಗೆ ಹಣ್ಣು ತಂದು ಹಾಕುವುದೂ ಅವನೇ. ಎರಡು ವಾರದ ಹಿಂದೆ ಇಬ್ಬರಿಗೂ ಮಾತಿಗೆ ಮಾತು ಬೆಳೆದು ಅವನನ್ನು ತಂಡದಿಂದ ಬಿಟ್ಟಿದ್ದಾರೆ. ಅವನು ಹೊರಗೆ ನಿಂತು ಕೂಗುತ್ತಿದ್ದ: "ಅಬ್ದುಲ್ಲಾಕಾ, ಜಾಸ್ತಿ ಹಾರ್ಬೇಡಿ, ಕಿತ್ತಳೆ ಚೆಲ್ಲಿ ಹೋಗ್ತದೆ!"

ಪಂದ್ಯ ಮುಗಿದ ಮೇಲೆ ಸಾಬಿತನನ್ನು ಹಿಡಿದೆ.

"ನಿಯಮ ಏಳು ಓದಿದ್ದಿಯಾ?"

"ಓದ್ಲಿಕ್ಕೆ ನೀನು ಉಂಟಲ್ಲ."

"ಬಾಂಧವರಿಗೆ ಮಾತ್ರ ಅಂತೆ. ನಾನು ಬಂದ್ರೆ ಆಡ್ಲಿಕ್ಕೆ ಬಿಡ್ತಾರಾ?"

"ಬಿಡುದಿಲ್ಲ. ಸುಳ್ಯದಲ್ಲಿ ನನ್ನನ್ನು ಬಿಡ್ತಾರಾ?" ಟವೆಲಿನಲ್ಲಿ ಮುಖ ಒರೆಸಿಕೊಂಡ. "ನಂಗೂ ಈ ಬಾಂಧವ ಗೀಂಧವ ಎಲ್ಲ ಇಷ್ಟ ಇಲ್ಲ ಮಾರಾಯ. ಆದ್ರೆ ಅಣ್ಣ ಒಂದು ಆದಿತ್ಯವಾರ ಬಾ ಅಂದ್ರೆ ಎಂತ ಹೇಳುದು? ನಿನ್ನ ಕರಪತ್ರ ಓದಿ ಹೇಳುದಾ?"

ಅವನ ತಾಯಿ ರುಖಿಯಮ್ಮ ಮನೆಗೆ ಕರೆದು ಅಕ್ಕಿಯ ಪತ್ತಿರ್ ಮತ್ತು ಕೋಳಿ ಸಾರು ಬಡಿಸಿದರು. "ತಿನ್ನು ಮೋನೆ. ಕೋಪದಲ್ಲಿ ಹೊಟ್ಟೆ ತುಂಬುದಿಲ್ಲ." ಮೋನೆ ಎಂದರೆ ಮಗ. ಎರಡನೆಯ ಸಲವೂ ಹಾಕಿಸಿಕೊಂಡೆ. ಹಿಂತಿರುಗುವಾಗ ಇಲ್ಲಿಯ ಫ್ಲೆಕ್ಸಿನದ್ದೂ ಫೋಟೊ ತೆಗೆದೆ.

ಡಿಸೆಂಬರ್ 24

ಸಮಾನ ಕ್ರೀಡಾ ವೇದಿಕೆ, ಕಡಬ ತಾಲೂಕು. ಇವತ್ತು ಸ್ಥಾಪನೆಯಾಯಿತು.

ವ್ಯಕ್ತಿಯ ಹೆಸರಿನಲ್ಲಿ ದೂರು ಕೊಟ್ಟರೆ ವೈಯಕ್ತಿಕ ದ್ವೇಷ ಎನ್ನುತ್ತಾರೆ. ಅನಾಮಧೇಯ ಪತ್ರ ಹೇಡಿಗಳದ್ದು. ವೇದಿಕೆಯಾದರೆ ಉತ್ತರ ಕೊಡಲೇಬೇಕು. ಪುತ್ತೂರಿನಲ್ಲಿ ಅರ್ಧ ಗಂಟೆಯಲ್ಲಿ ಸೀಲ್ ಮಾಡಿ ಕೊಟ್ಟರು, ದುಂಡಗಿನದು, ನಡುವೆ ಚೆಂಡಿನ ಚಿತ್ರ. 'ನೋಂದಾಯಿತ' ಎಂದು ಹಾಕಲಾ ಎಂದು ಅಂಗಡಿಯವನು ಕೇಳಿದ. ಬೇಡ ಎಂದೆ. ಅದು ಸುಳ್ಳಾಗುತ್ತದೆ. ಸದಸ್ಯರನ್ನು ನಿಧಾನವಾಗಿ ಮಾಡಿಕೊಳ್ಳಬಹುದು.

ಪತ್ರ ಮೂರು ಪುಟ. ಜಾತಿ, ಧರ್ಮದ ಹೆಸರಿನ ಎಲ್ಲ ಪಂದ್ಯಾಟಗಳನ್ನೂ ಅಸೋಸಿಯೇಷನ್ ತಡೆಯಬೇಕು, ನಿಯಮ ಏಳನ್ನು ಎಲ್ಲರಿಗೂ ಸಮಾನವಾಗಿ ಜಾರಿ ಮಾಡಬೇಕು. ಇದು ಯಾವ ವ್ಯಕ್ತಿಯ ವಿರುದ್ಧವೂ ಅಲ್ಲ ಎಂದು ಎರಡು ಸಲ ಬರೆದಿದ್ದೇನೆ. ಉದಾಹರಣೆಗೆ ಒಂದು ಫೋಟೊ ಲಗತ್ತಿಸಿದೆ. ಸುಳ್ಯದ್ದು ಅಲುಗಾಡಿತ್ತು, ಅಕ್ಷರ ಅಷ್ಟು ಸ್ಪಷ್ಟವಿರಲಿಲ್ಲ. ಉಪ್ಪಿನಂಗಡಿಯದ್ದು ಚೆನ್ನಾಗಿ ಬಂದಿತ್ತು. ಉದಾಹರಣೆಗೆ ಒಂದೇ ಸಾಕು.

ಅಧ್ಯಕ್ಷರ ಸಹಿಯನ್ನು ಅಧ್ಯಕ್ಷರು ಹಾಕುವ ಹಾಗೆ, ಓದಲಾಗದಂತೆ ಹಾಕಿದೆ. ಮನಸ್ಸು ಹಗುರವಾಗಿದೆ.

ಜನವರಿ 21

ಅಸೋಸಿಯೇಷನ್ನಿನವರು ಹಂದಿಗಳು.

ಮೂರು ಪುಟದಲ್ಲಿ ಅವರು ಓದಿದ್ದು ಫೋಟೊ ಮಾತ್ರ. ಪಂದ್ಯಾಟಗಳ ಬಗ್ಗೆ ಒಂದಕ್ಷರ ಇಲ್ಲ. 'ಸಮಾನ ಕ್ರೀಡಾ ವೇದಿಕೆಯ ದೂರಿನ ಮೇರೆಗೆ' ಸಾಬಿತನಿಗೆ ಎರಡು ವರ್ಷ ನಿಷೇಧ. ಅವನ ಸ್ಥಾನಕ್ಕೆ ಗಿರಿಧರ ಕೆ.

ಆದೇಶವನ್ನು ನನಗೆ ತೋರಿಸಿದ್ದು ಗೌರೀಶಂಕರ ಸರ್. ಅವರು ಕಾರ್ಯದರ್ಶಿಗೆ ಫೋನ್ ಮಾಡಿದ್ದರಂತೆ. ದೂರು ಇದ್ದರೆ ಮಾತ್ರ ನಿಯಮ, ವೇದಿಕೆಯವರು ಬಂದು ಹಿಂದೆ ಪಡೆದರೆ ಕಡತ ಮುಚ್ಚುತ್ತೇವೆ ಎಂದನಂತೆ ಅವನು. ಇದು ನಿಯಮವೇ? ಇದು ಸಂತೆ.

"ಕಡಬದಲ್ಲಿ ನಿಂಗೆ ಗೊತ್ತಿಲ್ಲದ ವೇದಿಕೆ ಯಾವುದಪ್ಪ? ಯಾರು ಇವ್ರು?" ಎಂದು ಸರ್ ಕೇಳಿದರು.

"ಗೊತ್ತಿಲ್ಲ ಸರ್."

ಆ ಕ್ಷಣಕ್ಕೆ ಬೇರೆ ಉತ್ತರ ಸರಿಯಿರಲಿಲ್ಲ. ಮೊದಲು ನಾನು ಈ ಸ್ಥಾನವನ್ನು ತಿರಸ್ಕರಿಸಬೇಕು. ನಾಳೆಯೇ ಬರೆಯುತ್ತೇನೆ, ಕಾರಣಗಳ ಸಮೇತ.

ಜನವರಿ 23

ಸಾಬಿತ್ ಅಮ್ಮನ ಅಂಗಡಿಗೇ ಬಂದ. ನಾನು ಕೌಂಟರಿನ ಒಳಗಿದ್ದೆ. ಅವನ ಮುಖ ನೋಡಲು ಹೆದರಿದ್ದೆ ಎಂದಲ್ಲ, ಕಾಗದ ಜೋಡಿಸುತ್ತಿದ್ದೆ.

"ಮನೋರಮಕ್ಕ, ನಿಮ್ಮ ಮಗ ಇಂಡಿಯಾ ಆಡ್ತಾನೆ. ಒಂದು ಶರ್ಬತ್ತಾದ್ರೂ ಕೊಡಿ."

ಅಮ್ಮ ಕೊಟ್ಟರು. ಅವನು ನನ್ನ ಕಡೆ ತಿರುಗಿದ. "ಗಿರಿ, ನೀನು ಬೇಡ ಅಂತ ಬರೀತಿ ಅಂತ ನಂಗೆ ಗೊತ್ತುಂಟು. ಬರೀಬೇಡ. ನೀನು ಹೋಗದಿದ್ರೆ ಯಾವನೋ ಹೋಗ್ತಾನೆ, ನಂಗೆಂತ ಲಾಭ? ಮೇ ಕೊನೆಗೆ ಪೊಲೀಸ್ ತಂಡಕ್ಕೆ ಕ್ರೀಡಾ ಕೋಟಾದ ಆಯ್ಕೆ ಇತ್ತು. ಅದು ಹೋಯ್ತಲ್ಲ, ಅದೇ ಹೊಟ್ಟೆ ಉರಿಯುದು. ಮುಂದಿನ ವರ್ಷಕ್ಕೆ ನಂಗೆ ವಯಸ್ಸು ದಾಟ್ತದೆ."

ಅಮ್ಮ ಶರ್ಬತ್ತಿನ ಗ್ಲಾಸು ತೊಳೆಯುತ್ತ ಯಾರು ಬರೆದದ್ದಂತೆ ಎಂದು ಕೇಳಿದರು.

"ನಮ್ಮಲ್ಲಿಯವರೇ ಅಕ್ಕ. ಹೊರಗಿನವ್ರಿಗೆ ಅಷ್ಟು ಪುರುಸೊತ್ತು ಎಲ್ಲಿ?"

ತಿರಸ್ಕಾರದ ಪತ್ರ ಅರ್ಧ ಬರೆದಿದ್ದೆ. ಸಾಬಿತನೇ ಹೋಗು ಎಂದ ಮೇಲೆ ಅದನ್ನು ಮುಗಿಸುವುದು ಅವನಿಗೆ ಅಗೌರವ. ಅನ್ಯಾಯದ ವ್ಯವಸ್ಥೆಯ ಒಳಗೆ ಹೋಗಿಯೇ ಅದನ್ನು ಬಯಲಿಗೆಳೆಯಬೇಕು ಎಂದು ಇನ್ನೊಂದು ಕರಪತ್ರದಲ್ಲಿ ಇದೆ. ಹುಡುಕಬೇಕು.

ಫೆಬ್ರವರಿ 9

ಹೈದರನ ಮೇಲೆ ಹಾಕಿದ್ದಾರೆ! ತಂಡದಿಂದ ಬಿಟ್ಟ ಸಿಟ್ಟಿಗೆ ಅವನೇ ಕಡಬದ ಯಾರಿಂದಲೋ ಬರೆಸಿದ್ದು ಎಂದು ಅಬ್ದುಲ್ಲ ತೀರ್ಮಾನಿಸಿಬಿಟ್ಟಿದ್ದಾರೆ. ಈಗ ಅವನ ಆಟೋಗೆ ಅಬ್ದುಲ್ಲನ ಹಣ್ಣಿಲ್ಲ, ಅಬ್ದುಲ್ಲನ ಮಾತು ಕೇಳುವ ನಾಲ್ಕು ಅಂಗಡಿಗಳ ಮಾಲೂ ಇಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ರಮ್ಲತ್ ಅಂಗಡಿಗೆ ಹೋಗಿ ಕೇಳಿದಳಂತೆ: "ಇವ್ರಿಗೆ ಕನ್ನಡದಲ್ಲಿ ಮೂರು ಪುಟ ಬರೀಲಿಕ್ಕೆ ಬಂದಿದ್ರೆ ಆಟೋ ಯಾಕೆ ಓಡಿಸ್ತಿದ್ರು ಅಬ್ದುಲ್ಲಾಕಾ?"

ಎಂಥ ಊರು ಇದು. ವಿಚಾರಣೆ ಇಲ್ಲ, ಸಾಕ್ಷ್ಯ ಇಲ್ಲ, ನೇರ ಶಿಕ್ಷೆ. ಅಬ್ದುಲ್ಲನಿಗೆ ನಾಚಿಕೆಯಾಗಬೇಕು. ಒಬ್ಬನ ಅನ್ನದ ದಾರಿ ಮುಚ್ಚುವ ಮೊದಲು ಹತ್ತು ಸಲ ಯೋಚಿಸಬೇಡವೇ? ಇದರ ಬಗ್ಗೆಯೇ ಒಂದು ಕರಪತ್ರ ಬರೆಯುವಷ್ಟು ಸಿಟ್ಟು ಬಂದಿದೆ.

ಎರಡು ಸಾಲು ಬರೆದೆ. ಮುಂದೆ ಹೋಗಲಿಲ್ಲ. ತಲೆನೋವು.

ಮಾರ್ಚ್ 12, ತರಬೇತಿ ಶಿಬಿರ

ಒಂದು ತಿಂಗಳಿಂದ ಏನೂ ಬರೆದಿಲ್ಲ. ಬರೆಯುವಂಥದ್ದಿಲ್ಲ. ನನ್ನ ಜೆರ್ಸಿಯ ಬೆನ್ನಿನಲ್ಲಿ ಸಾಬಿತನ ಹೆಸರು ಅಚ್ಚಾಗಿ ಬಂದಿತ್ತು. ಅದರ ಮೇಲೆ ಬಟ್ಟೆ ಅಂಟಿಸಿ ನನ್ನದು ಬರೆದು ಕೊಟ್ಟಿದ್ದಾರೆ. ಬೆವರಿಗೆ ಅದು ಕಿತ್ತು ಬರುತ್ತದೆ.

ನನ್ನ ಚೆಂಡು ಯಾರಿಗೂ ಬೇಡ. ಹರ್ಯಾಣದ ಅಟ್ಯಾಕರ್ ಇದ್ದಾನೆ, ಆರೂವರೆ ಅಡಿ, ನಾಲ್ಕನೇ ನಂಬರಿನವನು. ಇವತ್ತು ನಾನು ಕೊಟ್ಟ ಚೆಂಡನ್ನು ಹೊಡೆಯದೆ ಕೈಯಲ್ಲಿ ಹಿಡಿದು, ನೆಲಕ್ಕೆ ಇಟ್ಟು, ನೀರು ಕುಡಿಯಲು ಹೋದ. ಅವನ ಸೊಕ್ಕು ನೋಡಿ ಅಸಹ್ಯವಾಯಿತು. ಚೆಂಡು ನೆಟ್ಟಿಗೆ ತೀರ ಹತ್ತಿರ ಹೋಗಿತ್ತು, ಅದು ಬೇರೆ ಮಾತು.

ಸಂಜೆ ಸಾಬಿತ್ ಫೋನ್ ಮಾಡಿದ. ಈಗ ರಂಜಾನ್, ನೋಂಬಿನ ತಿಂಗಳು. ನೋಂಬು ಬಿಟ್ಟು, ಬಾಯಲ್ಲಿ ಖರ್ಜೂರ ಇಟ್ಟುಕೊಂಡೇ ಮಾತಾಡುತ್ತಿದ್ದ. ಇನ್ನು ದಿನಾ ಈ ಹೊತ್ತಿಗೆ ಮಾಡುತ್ತಾನಂತೆ.

"ನಾಲ್ಕನೇ ನಂಬರ್‌ನವನಾ? ಅವನು ಎಡಗಾಲಲ್ಲಿ ಒಂದು ಹೆಜ್ಜೆ ಜಾಸ್ತಿ ಹಾಕ್ತಾನೆ. ನೀನು ಅವನ ಕೈ ನೋಡ್ತಿ, ಅದಕ್ಕೇ ತಪ್ಪುದು. ಕಾಲು ನೋಡು. ಕಾಲು ಬಂದ ಮೇಲೆ ಬಾಲ್ ಬಿಡು."

"ನಿಂಗೆ ಹೇಗೆ ಗೊತ್ತು?"

"ಕೊಯಮತ್ತೂರಲ್ಲಿ ಎದುರು ಆಡಿದ್ದಲ್ವಾ? ನೀನು ಬೆಂಚಲ್ಲಿ ಎಂತ ನೋಡ್ತಿದ್ದದ್ದು?"

ನಾನು ಸಾಬಿತನನ್ನು ನೋಡುತ್ತಿದ್ದೆ. ಅದನ್ನು ಹೇಳಲಿಲ್ಲ.

ಏಪ್ರಿಲ್ 3, ಕಠ್ಮಂಡು

ಎರಡು ಪಂದ್ಯ ಆಯಿತು. ಬೆಂಚು. ಚಳಿ. ರಾಷ್ಟ್ರಗೀತೆ ನುಡಿಸುವಾಗ ಮೈ ಜುಮ್ಮೆನ್ನುತ್ತದೆ ಎಂದುಕೊಂಡಿದ್ದೆ. ಬೆನ್ನಿನ ಬಟ್ಟೆ ಸರಿಯಾಗಿ ಅಂಟಿದೆಯೇ ಎಂಬ ಯೋಚನೆಯೇ ಇತ್ತು.

ಏಪ್ರಿಲ್ 6

ಮೂರನೆಯ ಸ್ಥಾನದ ಪಂದ್ಯ. ಎರಡನೆಯ ಸೆಟ್ಟಿನಲ್ಲಿ ಕೇರಳದವನ ಕಾಲು ಉಳುಕಿತು. ನನ್ನನ್ನು ಇಳಿಸಿದರು. ಮೊದಲ ನಾಲ್ಕು ಚೆಂಡು ಹಾಳು. ಹರ್ಯಾಣದವನು ಹಿಂದಿಯಲ್ಲಿ ಏನೋ ಅಂದ, ಅರ್ಥವಾಗದಿದ್ದರೂ ಅರ್ಥವಾಯಿತು.

ಆಮೇಲೆ ಅವನ ಕಾಲು ನೋಡಿದೆ. ಎಡಗಾಲು, ಒಂದು ಹೆಜ್ಜೆ ಜಾಸ್ತಿ. ಆ ಹೆಜ್ಜೆ ಬಿದ್ದ ಮೇಲೆ ಬಿಟ್ಟೆ. ಚೆಂಡು ತಿರುಗಲಿಲ್ಲ. ಮೇಲೆ ಹೋಗಿ ನಿಂತಿತು. ಅವನು ಬಂದು ಹೊಡೆದ ಶಬ್ದ ಛಾವಣಿಯವರೆಗೆ ಹೋಯಿತು. ಆಮೇಲೆ ಎಷ್ಟು ಸಲ ಹಾಗಾಯಿತೋ ನೆನಪಿಲ್ಲ. ಐದನೆಯ ಸೆಟ್ 15–12. ಕಂಚು.

ಹರ್ಯಾಣದವನು ನನ್ನ ಕುತ್ತಿಗೆಯನ್ನು ತೋಳಿನಲ್ಲಿ ಸುತ್ತಿ ಹೇಳಿದ, ಇದು ಸಾಬಿತನ ಬಾಲ್. ಹೊಗಳಿಕೆಗೆ ಹೇಳಿದ್ದು. ನಾನು ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿದೆ. ಅಲ್ಲಿಯ ಊಟ ಸರಿಯಿರಲಿಲ್ಲ, ಬೇರೆಯವರಿಗೂ ಹಾಗೆ ಆಗಿದೆ.

ಏಪ್ರಿಲ್ 12, ಕಡಬ

ಮೆರವಣಿಗೆ. ತೆರೆದ ಜೀಪು. ಮಹೇಶ್ವರ ಮಾವ ಸುಳ್ಯದಿಂದ ಎರಡು ವ್ಯಾನು ಜನ ತಂದಿದ್ದರು. ಪೇಟೆಯಲ್ಲಿ ನನ್ನ ಮುಖದ ಫ್ಲೆಕ್ಸ್, ಕೆಳಗೆ 'ನಮ್ಮ ಸಮಾಜದ ಹೆಮ್ಮೆ.' ಯಾವ ಸಮಾಜ? ನಾನು ಎಂದು ಸೇರಿದೆ? ಕೂಗಬೇಕೆನಿಸಿತು. ಜೀಪಿನ ಕಂಬಿ ಹಿಡಿದು ನಿಂತಿದ್ದೆ. ಶಾಲು ಹೊದೆಸಿದರು. ಹೊದ್ದುಕೊಂಡೆ.

ತಾಲೂಕು ಕಚೇರಿಯ ಹತ್ತಿರ ಜನರ ನಡುವಿನಿಂದ ಹೈದರ್ ಬಂದ. ಗೂಡ್ಸ್ ಆಟೋ ಮಾರಿ ಈಗ ಸುಳ್ಯದಲ್ಲಿ ರಬ್ಬರ್ ಶೀಟ್ ಹೊರುತ್ತಾನಂತೆ. ಅವನ ಅಂಗಿಗೆ ಆ ವಾಸನೆ ಇತ್ತು. ಕೈ ಕುಲುಕಿದ.

"ಟಿವಿಯಲ್ಲಿ ಇರ್ಲಿಲ್ಲ, ಮೊಬೈಲಲ್ಲಿ ನೋಡಿದ್ದು. ಸಾಬಿತ್ ಆಡಿದ ಹಾಗೇ ಉಂಟು. ಒಳ್ಳೇದಾಯ್ತು." ಕೈ ಬಿಡಲಿಲ್ಲ. "ಗಿರಿ, ನಾನಲ್ಲ ಬರ್ದದ್ದು. ಅಬ್ದುಲ್ಲಾಕ ನಂಬುದಿಲ್ಲ, ಸಾಬಿತ್ ಸಹ ಕಣ್ಣು ತಪ್ಪಿಸ್ತಾನೆ. ನೀನಾದ್ರೂ ನಂಬ್ತಿಯಾ?"

"ನಂಬ್ತೇನೆ."

"ಸಾಕು ಮಾರಾಯ. ಒಬ್ಬನಾದ್ರೂ" ಎಂದು ಹೇಳಿ ನನ್ನ ಭುಜ ತಟ್ಟಿ ಹೋದ.

ಏಪ್ರಿಲ್ 13

ರಾತ್ರಿಯಿಡೀ ಕೂತು ಕರಪತ್ರ ಬರೆದೆ, ನಾಲ್ಕು ಪುಟ. 'ನಾನು ತಪ್ಪೊಪ್ಪಿಕೊಳ್ಳುತ್ತೇನೆ: ಕ್ರೀಡಾ ವ್ಯವಸ್ಥೆಯ ಕೊಳಕಿನಲ್ಲಿ ನನ್ನ ಪಾಲು.' ಬೆಳಿಗ್ಗೆ ಐನೂರು ಪ್ರತಿ ತೆಗೆಯಲು ಅಮ್ಮನಿಗೆ ಕೊಟ್ಟೆ. ಅಮ್ಮ ನಿಂತೇ ಓದಿದರು. ಆಮೇಲೆ ಡ್ರಾಯರ್ ಎಳೆದು ಸೀಲ್ ತೆಗೆದು ಕೌಂಟರಿನ ಮೇಲಿಟ್ಟರು.

"ಇದು ಡಿಸೆಂಬರಿಂದ ಇಲ್ಲಿ ಉಂಟು. ನೀನು ಕಾಗದದ ಕಟ್ಟಿನ ಹಿಂದೆ ಇಟ್ಟದ್ದು. ನಾನು ದಿನಾ ಕಾಗದ ತೆಗಿಯುದಲ್ವಾ?"

"ಹೇಳ್ಬಹುದಿತ್ತಲ್ಲ ಅಮ್ಮ."

"ನಿಂಗೆ ಯಾರು ಹೇಳುದು? ನೀನಲ್ವಾ ಎಲ್ಲರಿಗೂ ಹೇಳುದು." ಕರಪತ್ರವನ್ನು ನನ್ನ ಕಡೆ ನೂಕಿದರು. "ನಾಲ್ಕು ಪುಟದಲ್ಲಿ ಹೈದರನ ಹೆಸರು ಒಂದೇ ಸಲ ಉಂಟು. 'ನಾನು' ಎಷ್ಟು ಸಲ ಉಂಟು ಎಣಿಸು. ಮೂವತ್ತು ವರ್ಷ ಆಯ್ತು ನಾನು ಜನರ ಅರ್ಜಿ ಟೈಪ್ ಮಾಡ್ಲಿಕ್ಕೆ ಶುರು ಮಾಡಿ. ಐನೂರು ಜನಕ್ಕೆ ಹಂಚುದು ಸುಲಭ ಗಿರಿ. ಮೂರು ಜನರ ಎದುರು ಹೋಗಿ ನಿಲ್ಲುದು ನೋಡು."

ಎಣಿಸಲಿಲ್ಲ.

ಏಪ್ರಿಲ್ 14

ಹೋದೆ. ಸುಳ್ಯಕ್ಕೆ ಹೋಗಿ ಹೈದರನನ್ನು ಕರೆದುಕೊಂಡು ಉಪ್ಪಿನಂಗಡಿಗೆ ಬಂದೆ. ಯಾಕೆಂದು ಬಸ್ಸಿನಲ್ಲೇ ಅವನಿಗೆ ಹೇಳಿದೆ. ಅವನು ಕಿಟಕಿಯ ಕಡೆ ತಿರುಗಿದವನು ಒಂದೂವರೆ ಗಂಟೆ ಈ ಕಡೆ ತಿರುಗಲಿಲ್ಲ. ಇಳಿದು ಹೋಗಲೂ ಇಲ್ಲ.

ಅಂಗಡಿಯಲ್ಲಿ ಅಬ್ದುಲ್ಲ, ಸಾಬಿತ್ ಇಬ್ಬರೂ ಇದ್ದರು. ಪತ್ರದ ಪ್ರತಿಯನ್ನೂ ಸೀಲನ್ನೂ ಕಲ್ಲಂಗಡಿಗಳ ಪಕ್ಕದಲ್ಲಿಟ್ಟೆ. "ಬರ್ದದ್ದು ನಾನು. ಹೈದರ್ ಅಲ್ಲ" ಎಂದೆ.

ಅಬ್ದುಲ್ಲ ನನ್ನ ಕಡೆ ನೋಡಲೇ ಇಲ್ಲ. ಹೈದರನ ಎದುರು ಬಂದು ನಿಂತು, ಅವನ ಎರಡೂ ಕೈ ಹಿಡಿದುಕೊಂಡರು. ಹೈದರ್, "ಈಗ ಹಿಡ್ಕೊಂಡು ಎಂತ ಮಾಡುದು, ಆಟೋ ಹೋಯ್ತಲ್ಲ" ಎಂದ. ಆದರೆ ಕೈ ಎಳೆದುಕೊಳ್ಳಲಿಲ್ಲ.

ಸಾಬಿತ್ ಮೂರು ಪುಟವನ್ನೂ ಓದಿದ. ನಿಧಾನವಾಗಿ, ಗಿರಾಕಿಯೊಬ್ಬ ಬಂದು ಕಾದು ಹೋದರೂ ತಲೆಯೆತ್ತದೆ.

"ನೀನು ಬರ್ದದ್ದು ಸುಳ್ಳಲ್ಲ" ಎಂದ. ಆಮೇಲೆ, "ಸುಳ್ಯದ್ದು ಎಲ್ಲಿ?"

ಫೋಟೊ ಅಲುಗಾಡಿತ್ತು ಎಂದು ಹೇಳಲು ಬಾಯಿ ತೆರೆದೆ. ನಾಲ್ಕು ತಿಂಗಳಿಂದ ಅದನ್ನು ನಾನು ನಂಬಿದ್ದೆ.

"ಮಾವ ಅಲ್ವಾ" ಎಂದೆ. "ಮತ್ತೆ... ನೀನು ಆಡುದನ್ನು ಏಳು ಪಂದ್ಯ ಬೆಂಚಲ್ಲಿ ಕೂತು ನೋಡಿದ್ದೆ."

ಅವನು ಪತ್ರವನ್ನು ಮಡಚಿ ನನಗೆ ಕೊಟ್ಟ. "ಫೋನಲ್ಲಿ ಕಾಲು ನೋಡು ಅಂತ ಹೇಳಿದ್ದೆ ನಿಂಗೆ. ನೋಂಬು ಬಿಡುವ ಹೊತ್ತಿಗೆ. ದಿನಾ." ಅಷ್ಟು ಹೇಳಿ ಒಳಗೆ ಹೋದ.

ಏಪ್ರಿಲ್ 17

ಗೌರೀಶಂಕರ ಸರ್ ಜೊತೆಗೆ ಬಂದರು. ಅವರಿಗೆ ಹೇಳಿದ್ದು ನಿನ್ನೆ.

ಅಸೋಸಿಯೇಷನ್ ಕಚೇರಿಯಲ್ಲಿ ಕಾರ್ಯದರ್ಶಿ ನನ್ನನ್ನು ಕಂಡು ಎದ್ದು ನಿಂತ. "ಓಹೋ, ಕಂಚು! ಕೂತ್ಕೊಳ್ಳಿ, ಕೂತ್ಕೊಳ್ಳಿ."

ದೂರು ಹಿಂದೆ ಪಡೆಯುವ ಪತ್ರ ಕೊಟ್ಟೆ. ಅವನು ಸೀಲ್ ನೋಡಿದ, ಸಹಿ ನೋಡಿದ, ನನ್ನನ್ನು ನೋಡಿದ.

"ಅಧ್ಯಕ್ಷರು ಬರ್ಲಿಲ್ವಾ?"

"ನಾನೇ."

"ಕಾರ್ಯದರ್ಶಿ?"

"ನಾನೇ."

"ಸಭೆಯ ನಡಾವಳಿ ಬೇಕಲ್ಲ. ವೇದಿಕೆಯಲ್ಲಿ ಸದಸ್ಯರು ಎಷ್ಟು ಮಂದಿ?"

"ಒಬ್ಬ."

ಸರ್ ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಬೆನ್ನು ಅಲುಗುತ್ತಿತ್ತು. ನಗುವೋ ಬೇರೆ ಏನೋ ಗೊತ್ತಾಗಲಿಲ್ಲ. ಕಾರ್ಯದರ್ಶಿ ನಗಲಿಲ್ಲ. ದೂರು ಕೊಟ್ಟವನೂ ಅದರಿಂದ ಸ್ಥಾನ ಪಡೆದವನೂ ಒಬ್ಬನೇ ಎಂದು ಬರೆದುಕೊಡಬೇಕಾಗುತ್ತದೆ, ಬರೆದರೆ ಸುಮ್ಮನೆ ಬಿಡಲಾಗುವುದಿಲ್ಲ ಎಂದ. ಕಾಗದ ಕೇಳಿದೆ. ಅರ್ಧ ಪುಟ ಸಾಕಾಯಿತು. ಈ ಸಲ ಸಹಿ ಓದುವ ಹಾಗೆ ಹಾಕಿದೆ.

ಮೇ 7

ಎರಡು ಆದೇಶ ಬಂದವು. ಸಾಬಿತನ ನಿಷೇಧ ರದ್ದು. ನನಗೆ ಎರಡು ವರ್ಷ. ಮೂವತ್ತನೆಯ ತಾರೀಕಿಗೆ ಸಾಬಿತನ ಪೊಲೀಸ್ ಆಯ್ಕೆ. ಬಾಂಧವರ ಪಂದ್ಯಾಟಗಳ ಬಗ್ಗೆ ಈ ಸಲವೂ ಒಂದಕ್ಷರ ಇಲ್ಲ. ಅದು ಕೊಳಕೇ, ಈಗಲೂ ಹೇಳುತ್ತೇನೆ. ಮಾವನಿಗೆ ಹೇಳಿದೆ, ಅವರ ಮನೆಯ ಜಗಲಿಯಲ್ಲಿ ಕೂತು. ಈ ಸಲ ಊಟಕ್ಕೆ ಕರೆಯಲಿಲ್ಲ.

ಹೈದರನಿಗೆ ಅಬ್ದುಲ್ಲ ಹಳೆಯದೊಂದು ಗೂಡ್ಸ್ ಆಟೋ ನೋಡಿ ಕೊಟ್ಟಿದ್ದಾರೆ. ಹಾರ್ನ್ ಇಲ್ಲವಂತೆ. ಬೇಡ, ಅವನಿಗೆ ಬಾಯಿ ಉಂಟಲ್ಲ ಎಂದರಂತೆ ಅಬ್ದುಲ್ಲ.

ಮೇ 11, ಉಪ್ಪಿನಂಗಡಿ

ನಿನ್ನೆ ಹೈದರ್ ಫೋನ್ ಮಾಡಿದ. "ನಾಳೆ ಆದಿತ್ಯವಾರ ಗ್ರೌಂಡಿಗೆ ಬಾ. ಸುಮ್ಮನೆ ನಾವು ನಾವೇ ಆಡುದು."

"ನಂಗೆ ಆಡ್ಲಿಕ್ಕಿಲ್ಲ."

"ನಿನ್ನನ್ನು ಯಾರು ಆಡ್ಲಿಕ್ಕೆ ಕರ್ದದ್ದು? ಅಂಪಾಯರ್ ಆಗು. ಎರಡೂ ಕಡೆಯವ್ರಿಗೆ ಬೈಲಿಕ್ಕೆ ಒಬ್ಬ ಬೇಕು."

ಹೋದೆ. ನೆಟ್ಟಿನ ಕಂಬಕ್ಕೆ ಒರಗಿಸಿದ ಹಣ್ಣಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತೆ. ಒಂದು ಕಡೆ ಅಬ್ದುಲ್ಲ, ಹೈದರ್. ಇನ್ನೊಂದು ಕಡೆ ಸಾಬಿತ್. ಸಾಬಿತ್ ನನ್ನ ಮುಂದೆಯೇ ಹಾದುಹೋಗಿ ನೆಟ್ಟಿನ ಎತ್ತರ ಅಳೆದ, ನಾನೊಂದು ಕಂಬ ಎಂಬ ಹಾಗೆ. ಆಟ ಶುರುವಾಯಿತು. ಇಷ್ಟು ಹತ್ತಿರದಿಂದ ಅವನ ಬೆರಳುಗಳನ್ನು ಯಾವತ್ತೂ ನೋಡಿರಲಿಲ್ಲ. ಚೆಂಡು ಅವುಗಳಲ್ಲಿ ಇರುವುದೇ ಇಲ್ಲ. ಬಂದದ್ದೂ ಹೋದದ್ದೂ ಒಂದೇ.

ಹತ್ತೊಂಬತ್ತು ಸಮ ಇದ್ದಾಗ ಹೈದರ್ ಹೊಡೆದ ಚೆಂಡು ಸಾಬಿತನ ಕಡೆಯ ಮೂಲೆಯಲ್ಲಿ ಬಿತ್ತು. ಗೆರೆಯ ಸುಣ್ಣ ಎದ್ದದ್ದನ್ನು ನೋಡಿದೆ. ಒಳಗೆ ಎಂದು ಕೈ ತೋರಿಸಿದೆ.

ಸಾಬಿತ್ ಸೊಂಟಕ್ಕೆ ಕೈಯಿಟ್ಟು ತಿರುಗಿದ. "ಏಯ್ ಅಂಪಾಯರ್! ಕಣ್ಣು ಉಂಟಾ ನಿಂಗೆ? ಇಲ್ಲಾ ಅದನ್ನೂ ಝೆರಾಕ್ಸ್ ಮಾಡ್ಸಿದ್ದಾ?"

ಎಲ್ಲರೂ ನಕ್ಕರು. ಇಪ್ಪತ್ತೇಳು ದಿನಗಳಲ್ಲಿ ಅವನು ನನಗೆ ಹೇಳಿದ ಮೊದಲ ಮಾತು ಅದು.

ಚೆಂಡು ಒಳಗೇ ಬಿದ್ದಿತ್ತು. ಕೈಯನ್ನು ಹಾಗೆಯೇ ಹಿಡಿದು ನಿಂತೆ.